ಬೂಷ್ಟಿಗೆ ಒಂದು ದಿನದ ರಜೆ

ದುಡಿಯುವ ಯಂತ್ರಕ್ಕೆ ವರ್ಷದಲ್ಲಿ ಒಂದು ದಿನ ಅರಿಶಿನ ಕುಂಕುಮ ಇಟ್ಟು ವಿಶ್ರಾಂತಿ ಕೊಡುವ ನಮ್ಮ ಪದ್ಧತಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಲೇತ್ ಇರಲಿ, ಆಟೋ ಇರಲಿ, ಹೊಲಿಗೆ ಯಂತ್ರವೇ ಇರಲಿ, ಒಂದು ದಿನ ಸುಮ್ಮನೆ ನಿಂತರೆ ಅವಕ್ಕೇನೂ ನಷ್ಟವಿಲ್ಲ. ಆದರೆ ಯಂತ್ರದ ಮೇಲೆ ಒಂದು ಜೀವ ಕೂತಿದ್ದರೆ ಏನು ಗತಿ? ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬನಶಂಕರಿಯ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ.ಗೆಂದು ಬೂಷ್ಟು ಬೆಳೆಸುತ್ತಿದ್ದೆ. ಮದುವೆಮನೆಗಳಲ್ಲಿ ಯಾರಾದರೂ “ಏನ್ ಕೆಲಸ ಮಾಡ್ಕೊಂಡಿದೀಯಪ್ಪಾ?” ಎಂದರೆ ಹೇಳಲು ನಾಲಿಗೆಯೇ ಹೊರಳುತ್ತಿರಲಿಲ್ಲ. ನನ್ನ ಹೆಂಡತಿ ಸುಮಾ ಅಂತೂ, “ಇದಕ್ಕೆ ಸ್ಕಾಲರ್‌ಶಿಪ್ ಬೇರೆ ಕೊಡ್ತಾರಾ? ನಮ್ಮನೆ ಉಪ್ಪಿನಕಾಯಿ ಜಾಡಿ ಪುಕ್ಸಟ್ಟೆ ಬೆಳೆಸುತ್ತಲ್ರೀ” ಎನ್ನುತ್ತಿದ್ದಳು.

ಜಾಡಿಯ ಬೂಷ್ಟಿಗೂ ನನ್ನದಕ್ಕೂ ವ್ಯತ್ಯಾಸವಿದೆ ಎಂದು ವಾದಿಸಿ ಸೋತಿದ್ದೇನೆ. ನೂಲಿನ ಹಾಗೆ ಹಬ್ಬುವ ಈ ಶಿಲೀಂಧ್ರದ ಎಳೆ ಎಳೆಯೊಳಗೂ ಮೈಟೋಕಾಂಡ್ರಿಯಾ ಎಂಬ ಪುಟ್ಟ ಪುಟ್ಟ ಒಲೆಗಳಿವೆ. ಗಾಳಿ ಸಿಕ್ಕರಷ್ಟೇ ಅವು ಚೆನ್ನಾಗಿ ಉರಿಯುವುದು. ಅಲ್ಲಿ ದುಡಿಯುವ ಒಂದು ಕಿಣ್ವ ಎಷ್ಟು ಚುರುಕಾಗಿದೆಯೆಂದು ಅಳೆಯುವುದು ನನ್ನ ಕೆಲಸ. ಅದರ ಹೆಸರು ಸಕ್ಸಿನೇಟ್ ಡಿಹೈಡ್ರೋಜಿನೇಸ್. ಅದನ್ನು ತಡವರಿಸದೆ ಹೇಳಲು ಕಲಿಯುವುದರಲ್ಲೇ ನನ್ನ ಮೊದಲ ವರ್ಷ ಕಳೆದಿತ್ತು. ಬೂಷ್ಟಿಗೆ ಗಾಳಿಯಾಡಲೆಂದು ಶೇಕರ್ ಎಂಬ ಯಂತ್ರ ಫ್ಲಾಸ್ಕುಗಳನ್ನು ಹಗಲೂ ರಾತ್ರಿ ಕುಲುಕುತ್ತಿರಬೇಕು. ಅದು ಕುಲುಕುತ್ತಿತ್ತು, ನಾನು ಅಳೆಯುತ್ತಿದ್ದೆ, ಪ್ರತಿ ಸಲವೂ ಒಂದೇ ಉತ್ತರ ಬರುತ್ತಿತ್ತು. ನನ್ನ ಗೈಡ್ ಪದ್ಮಾ ಮೇಡಂ ಆ ತಿಂಗಳ ಕೊನೆಗೆ ನಿವೃತ್ತರಾಗುವವರು. ಅಷ್ಟರೊಳಗೆ ಹೊಸದೇನಾದರೂ ಸಿಗದಿದ್ದರೆ ಬೇರೆ ಗೈಡು, ಬೇರೆ ವಿಷಯ, ಮತ್ತೆ ಮೊದಲಿನಿಂದ. ಹಾಗಾಗಿ ಕೊನೆಯ ಸಲದ ಫ್ಲಾಸ್ಕುಗಳ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದೆ.

ಅದೇ ಹೊತ್ತಿಗೆ ಆಯುಧಪೂಜೆ ಬಂತು. ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಚೆಂಡುಹೂವು, ಫ್ರಿಜ್ಜಿಗೆ ವಿಭೂತಿ ಪಟ್ಟೆ, ಬಾಗಿಲಲ್ಲಿ ಬೂದುಗುಂಬಳ. ಕಡಲೆಪುರಿ ಮುಕ್ಕುತ್ತಾ ಎಲ್ಲವನ್ನೂ ನೋಡಿದೆ. ಜಯನಗರದ ಮನೆಯಲ್ಲಿ ನನ್ನ ಸ್ಕೂಟರು ಪೂಜೆಗೆ ಕಾಯುತ್ತಿತ್ತಾದ್ದರಿಂದ, ಮಂಗಳಾರತಿಗೂ ನಿಲ್ಲದೆ ಬಸ್ಸು ಹಿಡಿದೆ.

ಮರುದಿನ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆರೆದರೆ ಸದ್ದೇ ಇಲ್ಲ. ಶೇಕರ್ ಹಣೆಗೆ ಕುಂಕುಮ ಇಟ್ಟುಕೊಂಡು ತಣ್ಣಗೆ ಕೂತಿತ್ತು. ಬೂಷ್ಟು ಫ್ಲಾಸ್ಕಿನ ತಳ ಸೇರಿತ್ತು. ಓಡಿಹೋಗಿ ಮೇಡಂ ಮನೆಗೆ ಫೋನ್ ಮಾಡಿದೆ.

“ಮೇಡಂ, ಯಾರೋ ಶೇಕರ್ ಆಫ್ ಮಾಡ್ಬಿಟ್ಟಿದಾರೆ!”

“ಯಾರೋ ಅಲ್ಲ, ನಾನೇ ಕಣ್ರೀ. ಪೂಜೆ ಆದ್ಮೇಲೆ ಅವತ್ತು ಯಾರಾದ್ರೂ ಮಿಷನ್ ಓಡಿಸ್ತಾರೇನ್ರೀ?”

“ಬೂಷ್ಟಿಗೆ ಉಸಿರು ಕಟ್ಟಿದೆ ಮೇಡಂ.”

ಜೀವಕೋಶಗಳ ಉಸಿರಾಟವನ್ನು ಜೀವಮಾನವಿಡೀ ಪಾಠ ಮಾಡಿದವರು ಅವರು. “ಅಯ್ಯೋ ರಾಮ, ಪ್ರತಿ ಸಲ ಹಬ್ಬಕ್ಕೆ ಅದು ಖಾಲಿ ಇರ್ತಿತ್ತು, ತಲೆಗೇ ಹೋಗ್ಲಿಲ್ವಲ್ರೀ,” ಎಂದರು. “ಹೋಗಿದ್ದು ಹೋಯ್ತು. ಇರೋದನ್ನೇ ಅಳೀರಿ.”

ಅಳು ಬರದಿದ್ದದ್ದೇ ಹೆಚ್ಚು. ಶೇಕರ್ ಹಾಕಿ, ಎಲ್ಲರನ್ನೂ ಮನಸ್ಸಿನಲ್ಲೇ ಬೈದುಕೊಳ್ಳುತ್ತಾ ಅಳೆದೆ. ಕಿಣ್ವದ ಚುರುಕು ಅರ್ಧಕ್ಕಿಳಿದಿತ್ತು. ಸಂಜೆ ಇನ್ನೊಂದು ಫ್ಲಾಸ್ಕು ತೆಗೆದರೆ ಕೊಂಚ ಏರಿತ್ತು, ಮರುದಿನ ಇನ್ನಷ್ಟು. ಗಾಳಿ ತಪ್ಪಿದಾಗ ಕಿಣ್ವ ಹೇಗೆ ಮಲಗುತ್ತದೆ, ಹೇಗೆ ಏಳುತ್ತದೆ ಎಂಬ ಒಂದಿಡೀ ಅಧ್ಯಾಯ ಕೈಗೆ ಬಂದು ಬಿದ್ದಿತ್ತು. ನಿವೃತ್ತಿಗೆ ಮುಂಚೆ ಮೇಡಂ ಪ್ರಬಂಧಕ್ಕೆ ಸಹಿ ಹಾಕಿಯೂ ಬಿಟ್ಟರು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪ್ರೊಫೆಸರು ಮಿಕ್ಕ ಅಧ್ಯಾಯಗಳನ್ನು ಆಕಳಿಸುತ್ತಾ ತಿರುವಿ, ಇದರ ಹತ್ತಿರ ಮಾತ್ರ ಕನ್ನಡಕ ಸರಿಮಾಡಿಕೊಂಡರು. “ಚೆನ್ನಾಗಿ ಓಡ್ತಿರೋ ಶೇಕರನ್ನ ನಿಲ್ಲಿಸಿ ನೋಡೋಣ ಅಂತ ಹೊಳೀತಲ್ಲ, ಭಲೇ. ಯಾರ ಐಡಿಯಾ ಇದು?”

“ಮೇಡಂದು ಸಾರ್,” ಎಂದೆ. ಸುಳ್ಳೇನಲ್ಲವಲ್ಲ.

ನಿವೃತ್ತರಾದರೂ ಬಂದು ಪಕ್ಕದಲ್ಲಿ ಕೂತಿದ್ದ ಮೇಡಂ ಸೆರಗು ಸರಿಮಾಡಿಕೊಂಡರು. “ನಮ್ಮ ಲ್ಯಾಬಲ್ಲಿ ಪ್ರತಿ ವರ್ಷ ತಪ್ಪದೆ ಮಾಡ್ತೀವಿ ಸಾರ್.”

“ವೆರಿ ಗುಡ್. ವಿಜ್ಞಾನದಲ್ಲಿ ರಿಪೀಟ್ ಮಾಡೋದು ಬಹಳ ಮುಖ್ಯ,” ಎಂದರು ಪ್ರೊಫೆಸರು.

ನಾನು ಗಂಭೀರವಾಗಿ ತಲೆಯಾಡಿಸಿದೆ. ಡಾಕ್ಟರ್ ಆಗಿದ್ದು ಹಾಗೆ.