ಕರಡಿ ಹೊಡೆಯುವವರು ಬೇಕಾಗಿದ್ದಾರೆ

ಪಿಸ್ತೂಲು ಆರಿಸುವುದು ಪ್ರೆಷರ್ ಕುಕ್ಕರ್ ಆರಿಸುವುದಕ್ಕಿಂತ ಕಷ್ಟವೇನಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಎರಡಕ್ಕೂ ಒಂದು ಹಿಡಿ ಇರುತ್ತದೆ, ಒಂದು ಸೇಫ್ಟಿ ಇರುತ್ತದೆ, ಎರಡೂ ಸದ್ದು ಮಾಡುತ್ತವೆ. ನಾನು ತಂದ ಕುಕ್ಕರನ್ನು ಗಿರಿಜಾ ಮಾರನೆಯ ದಿನವೇ ಅಂಗಡಿಗೆ ಹಿಂದಿರುಗಿಸಿ ಬಂದಿದ್ದಳು ಎಂಬ ಸಂಗತಿ ಮಾತ್ರ ಆಗ ನೆನಪಿಗೆ ಬರಲಿಲ್ಲ.

ಇದಕ್ಕೆಲ್ಲ ಕಾರಣ ನಮ್ಮ ಕಸದ ಡಬ್ಬ. ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿ ನಮ್ಮ ಮನೆಯ ಹಿಂದೆ ಒಂದು ಸಣ್ಣ ಕಾಡಿದೆ. ಒಂದು ಮುಂಜಾನೆ ನೋಡಿದರೆ ಡಬ್ಬ ಮಗುಚಿ ಬಿದ್ದಿತ್ತು, ಗಿರಿಜಾ ಎಸೆದಿದ್ದ ಹಳೆಯ ಶೇಂಗಾ ಚಟ್ನಿಯ ಪ್ಯಾಕೆಟ್ಟು ನೆಕ್ಕಿ ತೊಳೆದಂತೆ ಹೊಳೆಯುತ್ತಿತ್ತು. ಪಕ್ಕದ ಮನೆಯವರ ಕ್ಯಾಮೆರಾದಲ್ಲಿ ಅಪರಾಧಿ ಸಿಕ್ಕಿಬಿದ್ದ. ಕಪ್ಪು ಕರಡಿ. ಖಾರ ಹತ್ತಿದ ಮೂತಿಯನ್ನು ಒರೆಸಿಕೊಳ್ಳುತ್ತ ನಿಧಾನವಾಗಿ ಕಾಡಿನೊಳಕ್ಕೆ ನಡೆದುಹೋಗಿತ್ತು.

ಗಿರಿಜಾಳಿಗೆ ಅದನ್ನು ಕಂಡು ಕರುಣೆ ಬಂತು. "ಪಾಪ, ಹಸದಿತ್ತೇನೋ," ಎಂದಳು. ಅವಳು ಜಮಖಂಡಿಯವಳು, ಹಸಿದವರನ್ನು ಕಂಡರೆ ರೊಟ್ಟಿ ಬಡಿಯಲು ಕೂರುವ ಜಾತಿ. ನಾನು ತುಮಕೂರಿನವನು. ನನಗೆ ಬಂದದ್ದು ನಡುಕ.

ಶನಿವಾರ ಬಂತೆಂದರೆ ಅವಳಿಗೆ ಊರಾಚೆಯ ಗುಡ್ಡದ ಕಾಡಿನಲ್ಲಿ ನಡೆಯಲೇಬೇಕು. ವಾರವಿಡೀ ಕಂಪ್ಯೂಟರಿನ ಮುಂದೆ ಕೂತು ಹಿಡಿದುಕೊಂಡ ಬೆನ್ನು ಅಲ್ಲಿಯೇ ಬಿಡುವುದಂತೆ. ಇಷ್ಟು ವರ್ಷ ನಾನೂ ಹಿಂದೆ ಹಿಂದೆ ನಡೆದಿದ್ದೇನೆ. ಕರಡಿ ಬಂದುಹೋದ ಮೇಲೆ ಮಾತ್ರ ನನಗೆ ಶನಿವಾರಗಳಲ್ಲೇ ಮಂಡಿ ನೋಯತೊಡಗಿತು. ಒಂದು ವಾರ ಮಂಡಿ, ಇನ್ನೊಂದು ವಾರ ಆಫೀಸಿನ ಕೆಲಸ, ಮತ್ತೊಂದು ವಾರ ಮಳೆ. ಸಿಯಾಟಲ್‌ನಲ್ಲಿ ಮಳೆಯ ನೆಪ ಹೇಳುವವನನ್ನು ಯಾರೂ ನಂಬುವುದಿಲ್ಲ.

ಮಗಳು ಮೇಘಾಳನ್ನು ಕೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. "ಡ್ಯಾಡ್, ಜಸ್ಟ್ ಟಾಕ್ ಲೌಡ್ಲಿ. ಸದ್ದು ಕೇಳಿದ್ರೆ ಬೇರ್ಸ್ ಗೋ ಅವೇ. ಯು ಆಲ್ರೆಡಿ ಟಾಕ್ ಲೌಡ್ಲಿ," ಎಂದು ಫೋನಿನಿಂದ ತಲೆಯೆತ್ತದೆ ಹೇಳಿದಳು. ಇಂಥ ಹುಡುಗಾಟದ ಸಲಹೆಯನ್ನು ಸ್ವೀಕರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಸಾಯಂಕಾಲ ಊಟದ ಹೊತ್ತಿಗೆ, ಏನೋ ಲೋಕಾಭಿರಾಮವೆಂಬಂತೆ, "ಇಲ್ಲಿ ತುಂಬಾ ಜನ ಕಾಡಿಗೆ ಹೋಗುವಾಗ ಪಿಸ್ತೂಲು ಇಟ್ಕೊಂಡಿರ್ತಾರಂತೆ," ಎಂದೆ.

ಗಿರಿಜಾ ಸಾರಿನ ಸೌಟು ಕೆಳಗಿಟ್ಟಳು. "ಆ ಸಾಮಾನು ಈ ಮನಿಯೊಳಗ ಬಂತಂದ್ರ ನಾ ಹೊರಗ. ತಿಳೀತಿಲ್ಲೋ?"

ತಿಳಿಯಿತು. ಮಾರನೆಯ ದಿನ ಅವಳಿಗೆ ಹೇಳದೆ ಬಂದೂಕಿನ ಅಂಗಡಿಗೆ ಹೋದೆ.

ಅಂಗಡಿಯವನು ಬಿಳಿ ಗಡ್ಡದ ಸಜ್ಜನ. ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿಸಿದ್ದ ಪಿಸ್ತೂಲುಗಳನ್ನು ಕಂಡು ನನಗೆ ಏನು ಕೇಳಬೇಕೆಂದು ತೋಚಲಿಲ್ಲ. ಸೀರೆ ಅಂಗಡಿಯಲ್ಲಿ ಕೂತು ಅಭ್ಯಾಸವಾದ ಬಾಯಿ ತಾನಾಗಿಯೇ, "ಇದರಲ್ಲೇ ಬೇರೆ ಬಣ್ಣ ಇದೆಯಾ?" ಎಂದು ಕೇಳಿತು. ಅವನು ಒಂದು ಕ್ಷಣ ನನ್ನನ್ನು ನೋಡಿ, ಯಾವುದಕ್ಕೆ ಬೇಕು ಎಂದು ವಿಚಾರಿಸಿದ. ಕರಡಿಗೆ ಎಂದೆ. ಚಿಕ್ಕದು ಕರಡಿಗೆ ಸಿಟ್ಟು ಬರಿಸುತ್ತದೆ, ದೊಡ್ಡದು ಹೊಡೆದವನ ಕೈ ಮುರಿಯುತ್ತದೆ ಎಂದ. ನಡುವಿನದು ಎಂದೆ. ಅದು ಎರಡನ್ನೂ ಮಾಡುತ್ತದೆ ಎಂದ.

ಕರಡಿಗೆ ಸಿಟ್ಟು ಬರಿಸುವುದಕ್ಕಿಂತ ಕೈ ಮುರಿದುಕೊಳ್ಳುವುದು ಲೇಸೆಂದು ತೀರ್ಮಾನಿಸಿ ದೊಡ್ಡ ರಿವಾಲ್ವರಿನ ಮುಂದೆ ನಿಂತೆ. ಅಂಗಡಿಯ ಹಿಂದೆಯೇ ಗುಂಡು ಹಾರಿಸಿ ನೋಡುವ ಸ್ಥಳವಿತ್ತು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ, ಎದುರಿಗೆ ಗುರಿಯ ಹಾಳೆ. ಕುಲದೇವರನ್ನು ನೆನೆದು ರಿವಾಲ್ವರಿನ ಕುದುರೆ ಎಳೆದೆ. ಆಮೇಲೆ ನಡೆದದ್ದನ್ನು ನಾನು ಅಂಗಡಿಯವನ ಬಾಯಿಂದಲೇ ಕೇಳಿ ತಿಳಿದುಕೊಳ್ಳಬೇಕಾಯಿತು, ಯಾಕೆಂದರೆ ನನ್ನ ಕಣ್ಣು ಮುಚ್ಚಿತ್ತು. ಮಣಿಕಟ್ಟಿನಲ್ಲಿ ಬೆಂಕಿ ಬಿದ್ದ ಹಾಗಾಯಿತು. ಹಾಳೆಗೆ ಏನೂ ಆಗಿರಲಿಲ್ಲ. ಮುಂದಿನವರಿಗೆ ಉಪಯೋಗಕ್ಕೆ ಬರುತ್ತದೆ ಎಂದು ಅವನು ಅದನ್ನು ಜೋಪಾನವಾಗಿ ತೆಗೆದಿಟ್ಟ.

ಆದರೂ ಮರ್ಯಾದೆಯ ಪ್ರಶ್ನೆ ನೋಡಿ, ಆ ರಿವಾಲ್ವರನ್ನೇ ಬುಕ್ ಮಾಡಿದೆ. ತರಬೇತಿ ಮುಗಿಸಬೇಕು, ಸರ್ಕಾರದವರು ನನ್ನ ಪೂರ್ವಾಪರ ಪರಿಶೀಲಿಸಬೇಕು, ಅಲ್ಲಿಯವರೆಗೆ ಕಾಯಬೇಕು. ಎಲ್ಲ ಸರಿಯಾದಾಗ ಫೋನ್ ಮಾಡುತ್ತೇವೆ ಎಂದರು. ಮನೆಗೆ ಬಂದಾಗ ನನ್ನ ಕೈ ಊದಿಕೊಂಡಿತ್ತು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯುವಾಗ ಉಳುಕಿತು ಎಂದೆ. ಗಿರಿಜಾ ಅರಿಸಿನ ಹಚ್ಚಿ ಬಟ್ಟೆ ಕಟ್ಟಿದಳು. ಅಂದಿನಿಂದ ನೀರಿನ ಬಾಟಲಿಯ ಮುಚ್ಚಳವನ್ನೂ ಅವಳೇ ತೆಗೆದು ಕೊಡತೊಡಗಿದಳು.

ತರಬೇತಿ ಮುಗಿಯಿತು, ಫೋನ್ ಮಾತ್ರ ಬರಲಿಲ್ಲ. ನಾನು ಕೂತಲ್ಲಿ ಕೂರಲಾರದವನಾದೆ. ಮೀಟಿಂಗಿನ ನಡುವೆ ಎದ್ದು ಹೋಗಿ ಫೋನ್ ನೋಡುತ್ತಿದ್ದೆ. ಹಿಂದಿನ ಕಾಡಿನಲ್ಲಿ ಎಲೆ ಅಲ್ಲಾಡಿದರೆ ಕಿಟಕಿಗೆ ಓಡುತ್ತಿದ್ದೆ. ಆ ವಾರದ ನಡುವೆ ಗಿರಿಜಾ ಕೊನೆಯ ಮಾತು ಹೇಳಿಬಿಟ್ಟಳು. "ಈ ಶನಿವಾರ ನೀವ್ ಬಂದ್ರೂ ಹೋಗ್ತೀನಿ, ಬರ್ಲಿಲ್ಲಂದ್ರೂ ಹೋಗ್ತೀನಿ."

ನನಗೆ ನಿಜವಾಗಿ ಭಯವಾದದ್ದು ಆಗ. ಕರಡಿ ನನ್ನನ್ನು ತಿಂದರೆ ಅಷ್ಟಕ್ಕೆ ಮುಗಿಯಿತು. ಅವಳು ಒಬ್ಬಳೇ ಆ ಮರಗಳ ನಡುವೆ ನಡೆದುಹೋಗಿ, ನಾನು ಮನೆಯಲ್ಲಿ ಸುಳ್ಳು ಮಂಡಿಗೆ ಮುಲಾಮು ಹಚ್ಚುತ್ತ ಕೂತಿರುವ ಚಿತ್ರ ಕಣ್ಣ ಮುಂದಿನಿಂದ ಹೋಗಲೇ ಇಲ್ಲ. ಶನಿವಾರಕ್ಕೆ ಆಯುಧ ಸಿಗದಿದ್ದರೆ ಆಯುಧ ಇರುವ ಮನುಷ್ಯನಾದರೂ ಸಿಗಬೇಕು.

ನಮ್ಮ ಕನ್ನಡದ ಗಂಡಸರ ವಾಲಿಬಾಲ್ ಗುಂಪಿಗೆ ಮೆಸೇಜ್ ಹಾಕಿದೆ: "ಶನಿವಾರಕ್ಕೆ ಕರಡಿ ಹೊಡೆಯುವವರು ಬೇಕಾಗಿದ್ದಾರೆ. ಅನುಭವ ಇರುವವರು ದಯವಿಟ್ಟು ನನಗೆ ಮಾತ್ರ ಕಾಲ್ ಮಾಡಿ."

ಹತ್ತು ಜನ ನಗುವ ಮುಖ ಕಳಿಸಿದರು. ಒಬ್ಬ ಕಾಲ್ ಮಾಡಿದ. ಹತ್ತಿರದ ಓವರ್‌ಲೇಕ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಮಹಾಂತೇಶ, ಬಾಗಲಕೋಟೆ ಕಡೆಯವನು. ಆಟದಲ್ಲಿ ನೆಟ್ಟಿನ ಹತ್ತಿರ ಮೌನವಾಗಿ ನಿಲ್ಲುವ ದಪ್ಪ ಮೀಸೆಯ ಆಸಾಮಿ.

"ಸತೀಶ್ ಸರ್, ಕರಡಿ ಹೊಡಿಯಾಕ ನಾ ಅದೀನಲ್ರಿ."

"ನಿಮಗೆ ಅಭ್ಯಾಸ ಇದ್ಯಾ?"

"ಏನ್ ಹಂಗಂತೀರಿ. ಸಣ್ಣಾಂವ ಇದ್ದಾಗಿಂದ ಹೊಡೀತೀನಿ. ನಮ್ಮಪ್ಪ ಹೊಡೀತಿದ್ದ, ನಮ್ಮಜ್ಜ ಹೊಡೀತಿದ್ದ."

ಮೂರು ತಲೆಮಾರಿನ ಬೇಟೆಗಾರರ ವಂಶಸ್ಥನ ಜೊತೆ ಇಷ್ಟು ದಿನ ಚೆಂಡಾಡುತ್ತಿದ್ದೆನಲ್ಲ ಎಂದು ಮೈ ಜುಮ್ಮೆಂದಿತು. "ನಿಮ್ಮ ಹತ್ರ ಇರೋದು ಎಷ್ಟು ದೊಡ್ಡದು?"

"ಒಂದೂವರೆ ಮೊಳ ಇರಬಹುದು. ಹೆಗಲಿಗೆ ಹಾಕ್ಕೊಂಡು ಹೊಡೀಬೇಕು. ಸಪ್ಪಳ ಮಾತ್ರ ಆಚೆ ಓಣಿತನಕ."

"ಇಲ್ಲೇ ತಗೊಂಡ್ರಾ?"

"ಇಲ್ಲೆಲ್ಲಿ ಸಿಗತೈತ್ರಿ. ನಮ್ಮಪ್ಪಂದು. ಚೆಕ್ ಇನ್ ಬ್ಯಾಗಿನಾಗ ತಂದೀನಿ."

"ವಿಮಾನದಲ್ಲಾ? ಯಾರೂ ಹಿಡೀಲಿಲ್ವಾ?"

"ಹಿಡದ್ರು, ಬಿಚ್ಚಿಸಿದ್ರು. ಕಸ್ಟಮ್ಸಿನ ಒಬ್ಬಾಂವ ಎರಡು ಸಲ ಹೊಡೆದೂ ನೋಡಿದ. ಖುಷಿ ಆಗಿ ಬಿಟ್ಟು ಕಳಸಿದ."

ಈ ದೇಶದ ಬಗ್ಗೆ ನನಗೆ ಇನ್ನೂ ತಿಳಿಯಬೇಕಾದದ್ದು ಬಹಳಷ್ಟಿದೆ ಎಂದುಕೊಂಡೆ. ದನಿ ತಗ್ಗಿಸಿ ಹೇಳಿದೆ. "ನೋಡಿ, ಶನಿವಾರ ಕಾಡಲ್ಲಿ ವಾಕಿಂಗ್. ನೀವು ಸುಮ್ನೆ ಜೊತೆಗೆ ಬಂದ ಹಾಗೆ ಬನ್ನಿ. ನಾನು ಹೇಳಿದಾಗ ಹೊಡೆದ್ರೆ ಸಾಕು. ಗಿರಿಜಾಗೆ ಮಾತ್ರ ಗೊತ್ತಾಗಬಾರದು."

ಮಹಾಂತೇಶನ ದನಿ ಮೆತ್ತಗಾಯಿತು. "ತಿಳೀತ್ರಿ ಸರ್. ಅಕ್ಕಾರು ನಮ್ಮ ಕಡೆಯವರ ಅದಾರ, ಅವರಿಗೆ ಕರಡಿ ಅಂದ್ರ ಏನಂತ ಗೊತ್ತೈತಿ. ನಿಮ್ಮಂಥಾ ಗಂಡ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕು."

ಹೊಗಳಿಕೆ ಸ್ವಲ್ಪ ಹೆಚ್ಚಾಯಿತು ಅನ್ನಿಸಿದರೂ ಬೇಡವೆನ್ನಲಿಲ್ಲ.

ಶನಿವಾರ ನಮ್ಮ ಕಾರಿನಲ್ಲೇ ಮೂವರೂ ಹೊರಟೆವು. ಮಹಾಂತೇಶ ಸೋಲಾಪುರದ ಚಾದರದಲ್ಲಿ ಸುತ್ತಿದ ದೊಡ್ಡ ಗಂಟೊಂದನ್ನು ಡಿಕ್ಕಿಯಲ್ಲಿ ಇಟ್ಟ. ಅದರ ಗಾತ್ರ ನೋಡಿ ನನಗೆ ಇದು ಪಿಸ್ತೂಲಲ್ಲ, ಫಿರಂಗಿಯೇ ಇರಬೇಕು ಅನ್ನಿಸಿತು. ಗುಂಡಿಗಳ ಮೇಲೆ ಕಾರು ಕುಲುಕಿದಾಗಲೆಲ್ಲ ಉಸಿರು ಹಿಡಿದೆ.

"ಮಾಂತೇಶಣ್ಣಾ, ಏನದು ಗಂಟು?" ಎಂದು ಗಿರಿಜಾ ಕೇಳಿದಳು.

"ಆಮ್ಯಾಲೆ ಹೇಳ್ತೀನಿ ಅಕ್ಕಾರ," ಎಂದು ಅವನು ನನಗೆ ಕಣ್ಣು ಹೊಡೆದ. ಎಂಥ ಧೈರ್ಯ, ಎಂಥ ನಿರಾಳ!

ಕಾಡಿನ ದಾರಿಯಲ್ಲಿ ನಾನು ಮುಂದೆ ನಡೆದೆ, ಮಹಾಂತೇಶ ಗಂಟು ಹೊತ್ತು ಹಿಂದೆ. ಹಿಂದೆ ಫಿರಂಗಿ ಇರುವವನಿಗೆ ಮುಂದೆ ನಡೆಯಲು ಏನಡ್ಡಿ? ಆದರೂ ಸುಟ್ಟ ಮರದ ಬೊಡ್ಡೆಯೊಂದಕ್ಕೆ ಹೆದರಿ ನಿಂತೆ. ಕಪ್ಪು ಜಾಕೆಟ್ ತೊಟ್ಟ ಮುದುಕರೊಬ್ಬರಿಗೂ ಹೆದರಿದೆ, ಅವರು ಗುಡ್ ಮಾರ್ನಿಂಗ್ ಎಂದರು. ಮಹಾಂತೇಶನ ಕಿವಿಯಲ್ಲಿ, "ಲೋಡ್ ಆಗಿದ್ಯಾ?" ಎಂದು ಕೇಳಿದೆ. "ಹಗ್ಗ ಎಲ್ಲಾ ಬಿಗಿ ಮಾಡೇನಿ, ತಯಾರೈತಿ," ಎಂದ. ಹಗ್ಗ ಯಾಕೆ ಎಂದು ಕೇಳಲು ಹೋಗಲಿಲ್ಲ. ಅನುಭವಸ್ಥರನ್ನು ಹೆಚ್ಚು ಕೆದಕಬಾರದು.

ದಾರಿಯ ತಿರುವೊಂದರಲ್ಲಿ ಅವರಿಬ್ಬರೂ ಬುತ್ತಿ ಬಿಚ್ಚಲು ಜಾಗ ನೋಡುತ್ತ ಹಿಂದೆ ಉಳಿದರು. ನಾನು ತಿರುವಿನಾಚೆ ಕಾಲಿಟ್ಟೆ. ಎದುರಿಗೆ ಹಣ್ಣಿನ ಪೊದೆ. ಪೊದೆಯಲ್ಲಿ ಅದು.

ಎಲ್ಲಾ ಬಿಟ್ಟು ಅದು ನನ್ನನ್ನೇ ನೋಡಿತು. ಬಾಯಲ್ಲಿ ಒಂದು ಟೊಂಗೆ ಇತ್ತು. ನನ್ನ ಮಂಡಿ ಎರಡೂ ನಿಜವಾಗಿಯೇ ಕೈಕೊಟ್ಟವು. ಹೇಗೋ ಹಿಂದಕ್ಕೆ ಕತ್ತು ತಿರುಗಿಸಿ, "ಮಹಾಂತೇಶ್, ಕರಡಿ," ಎಂದೆ.

"ಈಗನ ಏನ್ರೀ?" ಎಂದು ತಿರುವಿನಾಚೆಯಿಂದ ದನಿ ಬಂತು.

"ಈಗ್ಲೇ. ಹೊಡೀರಿ. ಹೊಡೀರಿ ಮಾರಾಯ್ರೆ!"

ಗುಂಡಿನ ಸದ್ದಿಗೆ ಸಿದ್ಧನಾಗಿ ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದೆ. ಬಂದದ್ದು ಗುಂಡಿನ ಸದ್ದಲ್ಲ. ಡಂಗು ಡಕ್ಕ, ಡಂಗು ಡಕ್ಕ ಎಂದು ಇಡೀ ಕಾಡು ಗುಡುಗತೊಡಗಿತು. ನಡುನಡುವೆ ಕರಡಿಯೇ ಗುಟುರು ಹಾಕಿದಂಥ ದನಿ. ಪೊದೆಯ ಕರಡಿ ಟೊಂಗೆಯನ್ನು ಉಗುಳಿ, ನಾನು ಜನ್ಮದಲ್ಲಿ ಕಂಡಿರದ ವೇಗದಲ್ಲಿ ಗುಡ್ಡ ಹತ್ತಿ ಮಾಯವಾಯಿತು.

ತೆವಳಿಕೊಂಡು ತಿರುವಿಗೆ ಬಂದು ನೋಡಿದರೆ ಮಹಾಂತೇಶ ಹೆಗಲಿಗೆ ಉದ್ದನೆಯ ಚರ್ಮವಾದ್ಯವೊಂದನ್ನು ತಗುಲಿಸಿಕೊಂಡು ಕಣ್ಣು ಮುಚ್ಚಿ ಬಾರಿಸುತ್ತಿದ್ದ. ಗಿರಿಜಾ ಎರಡೂ ಕೈ ಕೆನ್ನೆಗಿಟ್ಟುಕೊಂಡು ನಿಂತಿದ್ದಳು. ಅವಳ ಕಣ್ಣಲ್ಲಿ ನೀರು.

"ಕರಡಿ ಇತ್ತು," ಎಂದು ತೊದಲಿದೆ.

"ಹೂಂ, ಕರಡಿನ," ಎಂದಳು ಗಿರಿಜಾ. "ನಮ್ಮ ಓಣ್ಯಾಗ ಮೆರವಣಿಗಿ ಬಂದಾಗ ಕೇಳಿದ್ದು. ಎಷ್ಟ್ ವರ್ಷಾತು. ಕರಡಿ ಮಜಲು ಇಲ್ಲಿ ಕೇಳ್ತೀನಿ ಅಂತ ಅನ್ಕೊಂಡಿದ್ದಿಲ್ಲ."

"ಅಲ್ಲ, ಅಲ್ಲಿ ಕರಡಿ ಬಂದಿತ್ತು!"

"ಬಂದೈತಲ್ರಿ, ಇಲ್ಲೇ ಐತಿ," ಎಂದು ಮಹಾಂತೇಶ ವಾದ್ಯ ತಟ್ಟಿ ತೋರಿಸಿದ. "ಕರಡಿ ಗುಟುರು ಹಾಕಿದಂಗ ಸಪ್ಪಳ ಬರ್ತೈತಿ, ಅದಕ್ಕ ಈ ಹೆಸರು ಅಂತಾರ. ಅಕ್ಕಾರ, ಸರ್ ನಿಮಗ ಸರ್ಪ್ರೈಸ್ ಕೊಡಬೇಕಂತ ಯಾರಿಗೂ ಹೇಳದ ಕರೆಸ್ಯಾರ."

ಹೀಗೆ ನನಗೆ ತಿಳಿಯಿತು, ಉತ್ತರ ಕರ್ನಾಟಕದಲ್ಲಿ ಕರಡಿ ಎಂದರೆ ಒಂದು ವಾದ್ಯವೂ ಹೌದು ಎಂದು. ಮನೆಯಲ್ಲೇ ಜಮಖಂಡಿಯವಳಿದ್ದಳು. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಳು. ಗಿರಿಜಾ ಹತ್ತಿರ ಬಂದು ನನ್ನ ಅಂಗಿಯ ಮಣ್ಣು ಝಾಡಿಸಿದಳು. "ನನ್ನ ಸಲುವಾಗಿ ಇಷ್ಟೆಲ್ಲಾ ಮಾಡಿದ್ರ್ಯಾ?" ಮದುವೆಯಾದ ಮೇಲೆ ಅವಳು ನನ್ನನ್ನು ಆ ರೀತಿ ನೋಡಿದ್ದು ಅಪರೂಪ. ನಾನು ಗಂಭೀರವಾಗಿ, "ಹೌದು," ಎಂದೆ.

ಹಿಂದಿರುಗುವಾಗ ಕಾರಿನಲ್ಲಿ ನಾನು ಯಜಮಾನ. ಗಿರಿಜಾ ರೊಟ್ಟಿ ಸುತ್ತಿ ಸುತ್ತಿ ನನ್ನ ಕೈಗೆ ಕೊಟ್ಟಳು. 405 ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ನಿಂತಿದ್ದಾಗ ಫೋನ್ ಬಂತು. ಫೋನ್ ಕಾರಿಗೆ ಜೋಡಣೆಯಾಗಿತ್ತು. ಯಾರೆಂದು ನೋಡದೆ ಗುಂಡಿ ಒತ್ತಿದ್ದೇ ಸ್ಪೀಕರಿನಿಂದ ಬಿಳಿ ಗಡ್ಡದ ಸಜ್ಜನನ ದನಿ ಕಾರಿನ ತುಂಬ ತುಂಬಿಕೊಂಡಿತು. ಶುಭ ಸಮಾಚಾರವೆಂದ. ಎಲ್ಲ ಪರಿಶೀಲನೆ ಮುಗಿದಿದೆ, ನಿಮ್ಮ ರಿವಾಲ್ವರ್ ಒಯ್ಯಬಹುದು ಎಂದ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಆ ದಿನ ನಮ್ಮಲ್ಲಿ ಉಳುಕಿದ ಕೈ ಈಗ ಹೇಗಿದೆ ಎಂದು ಪ್ರೀತಿಯಿಂದ ವಿಚಾರಿಸಿದ.

ಮುಂದಿನ ಕಾರು ಸರಿಯಲಿ ಎಂದು ನಾನು ಎಷ್ಟು ಬೇಡಿಕೊಂಡರೂ ಅದು ಸರಿಯಲಿಲ್ಲ.

"ಉಪ್ಪಿನಕಾಯಿ ಬಾಟ್ಲಿ ಅಂದಿದ್ರಿ," ಎಂದಳು ಗಿರಿಜಾ.

ಹಿಂದಿನ ಸೀಟಿನಿಂದ ಮಹಾಂತೇಶ ನಿಧಾನವಾಗಿ ಕೇಳಿದ. "ಅಂದ್ರ ಸರ್, ನೀವು ಖರೇ ಕರಡಿ ಬಗ್ಗೆ ಕೇಳಿದ್ರೇನು? ನಾನು ಅದನ್ನ ಹೊಡ್ಯಾಂವ ಅಂತ ತಿಳಕೊಂಡಿದ್ರಿ?" ಆಮೇಲೆ ಅವನು ನಗಲು ಶುರು ಮಾಡಿದವನು ಕರಡಿಯನ್ನು ತಬ್ಬಿಕೊಂಡು ನಕ್ಕ. ಗಿರಿಜಾ ನಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತಿದ್ದಳು.

"ನೀನು ಒಬ್ಬಳೇ ಹೋಗ್ತೀನಿ ಅಂದೆ," ಎಂದೆ. "ನನಗೆ ಭಯ ಆಯ್ತು ಗಿರಿಜಾ. ಬೇರೇನೂ ತೋಚ್ಲಿಲ್ಲ."

ಅವಳು ನನ್ನ ಕಡೆ ತಿರುಗಿದಳು. "ಭಯ ಆಗೇತಿ ಅಂತ ಹೇಳಬೇಕಿಲ್ಲೋ? ಅದಕ್ಕೇನ್ ಲೈಸೆನ್ಸ್ ಬೇಕಾ? ಮೊದಲ ಆ ಅಂಗಡಿಯವಂಗ ಫೋನ್ ಹಚ್ಚಿ ಬ್ಯಾಡಂತ ಹೇಳ್ರಿ."

ಅಲ್ಲೇ, ಅದೇ ಸ್ಪೀಕರಿನಲ್ಲಿ, ಇಬ್ಬರು ಸಾಕ್ಷಿಗಳ ಎದುರಿನಲ್ಲಿ ಹೇಳಿದೆ. ಸಜ್ಜನ ಬೇಸರ ಮಾಡಿಕೊಳ್ಳಲಿಲ್ಲ. ಅವನ ದನಿಯಲ್ಲಿ ಸ್ವಲ್ಪ ಸಮಾಧಾನವೇ ಇದ್ದಂತೆ ಕೇಳಿಸಿತು.

ಈಗ ಶನಿವಾರಗಳು ತಪ್ಪುವುದಿಲ್ಲ. ಮಹಾಂತೇಶ ಬಿಡುವಿದ್ದಾಗ ಕರಡಿಯೊಂದಿಗೆ ಬರುತ್ತಾನೆ. ಅವನಿಲ್ಲದಾಗ ಗಿರಿಜಾ ಮುಂದೆ ನಡೆಯುತ್ತಾಳೆ, ನಾನು ಹಿಂದಿನಿಂದ ಭಜನೆಯ ತಾಳ ಕುಟ್ಟುತ್ತ ಹೋಗುತ್ತೇನೆ. ಕೈ ಇನ್ನೂ ಪೂರ್ತಿ ವಾಸಿಯಾಗಿಲ್ಲ, ಹಾಗಾಗಿ ಸಣ್ಣ ತಾಳ. ಮೊನ್ನೆ ಎದುರಿಗೆ ಬಂದ ಹೆಂಗಸೊಬ್ಬಳು ನಿಂತು, ಇದು ಕರಡಿಗಳಿಗಾಗಿಯೇ ಎಂದು ಕೇಳಿದಳು.

ಗಿರಿಜಾ ಹಿಂದೆ ತಿರುಗಿ ನನ್ನನ್ನು ಒಮ್ಮೆ ನೋಡಿದಳು.

"ನೋ ನೋ," ಎಂದಳು. "ಫಾರ್ ಮೈ ಹಸ್ಬೆಂಡ್. ಸೌಂಡ್ ಸ್ಟಾಪ್ಸ್, ಹೀ ಗೆಟ್ಸ್ ಸ್ಕೇರ್ಡ್."