ಕುರಿ ಪುಡಿ ಮಾರಲು ಸೇರಿದ ಮೊದಲ ತಿಂಗಳು

ಹೊಸ ನೌಕರಿಗೆ ಸೇರಿದ ಯಾರನ್ನೇ ಕೇಳಿ, ಇಂಥ ನಾಲ್ಕು ಮಾತು ಅವರ ಹತ್ತಿರ ಇದ್ದೇ ಇರುತ್ತವೆ. ಕೆಲಸ ಬಲ್ಲವರು ಬೆಂಚಿನ ಮೇಲೆ ಕೂತಿರುತ್ತಾರೆ, ಬಾರದವರು ಎದುರಿಗೆ ನಿಂತು ಕಲಿಸುತ್ತಿರುತ್ತಾರೆ. ನನಗೆ ಹಾಗೆ ಕಲಿಸಿದ್ದು ಕುರಿಯ ವಿಷಯ.

ಸಂದರ್ಶನ

ಗೋಕಾಕದಲ್ಲಿ ಒಂದು ಬಳೆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕಂಪನಿಯ ಸಣ್ಣ ಶಾಖೆ ಇತ್ತು. ಕುರಿಗಳ ಹೊಟ್ಟೆಯ ಹುಳ ಬೀಳಿಸುವ ಪುಡಿ ಮಾರುವುದು ಅವರ ಕೆಲಸ. ನಾನು ಡಿಗ್ರಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತಿದ್ದೆ. ಈ ನೌಕರಿ ಕೈತಪ್ಪಿದರೆ ದೀಪಾವಳಿಯೊಳಗೆ ಮದುವೆ ಎಂದು ಅವ್ವ ಹೇಳಿಬಿಟ್ಟಿದ್ದಳು. ಹಾಗಾಗಿ ಬಸ್ಸಿನಲ್ಲಿ ಇಸ್ತ್ರಿ ಮುದುಡದಂತೆ ಕಲ್ಲೋಳಿಯಿಂದ ಗೋಕಾಕದವರೆಗೆ ನಿಂತೇ ಬಂದೆ.

ಮ್ಯಾನೇಜರ್ ದೂರದ ಊರಿನವರು. ಫಾರ್ಮು ನೋಡುತ್ತಲೇ ಕೇಳಿದರು, "ಕುರಿಗಳ ಬಗ್ಗೆ ಅನುಭವ ಇದೆಯಾ?"

"ನಮ್ಮ ಮನಿಯಾಗ ಎರಡ ನೂರು ಕುರಿ ಅದಾವ್ರಿ. ಸಾಲಿಗೆ ಹೋಗೂಕಿಂತ ಮೊದಲ ಮರಿ ಎತಗೊಂಡ ಅಡ್ಡಾಡೇನಿ."

"ಅದಲ್ಲಮ್ಮ. ಅನುಭವಕ್ಕೆ ಸರ್ಟಿಫಿಕೇಟ್ ಇದೆಯಾ?"

"ಕುರಿ ಕೊಡೂದಿಲ್ರಿ."

ಅವರು ನಗಲಿಲ್ಲ. "ಅನುಭವ: ಇಲ್ಲ" ಎಂದು ಬರೆದುಕೊಂಡರು. ನನ್ನ ಬಾಜೂ ಕೂತಿದ್ದವನು ಆರು ತಿಂಗಳು ಮೊಬೈಲ್ ಕವರ್ ಮಾರಿದವನು. ಅವನ ಹತ್ತಿರ ಸರ್ಟಿಫಿಕೇಟ್ ಇತ್ತು. ಇಬ್ಬರನ್ನೂ ತಗೊಂಡರು. ಅವನನ್ನು ನನ್ನ ಲೀಡರ್ ಮಾಡಿದರು.

ತರಬೇತಿ

ಮೂರು ದಿನ ತರಬೇತಿ. ಪರದೆಯ ಮೇಲೆ ಒಂದು ವಿಲಾಯಿತಿ ಕುರಿ ಬಂತು, ಕಣ್ಣೂ ಕಾಣದಷ್ಟು ಉಣ್ಣೆ. ಮ್ಯಾನೇಜರ್ ಕೋಲಿನಿಂದ ತೋರಿಸಿ, "ಇದು ಕುರಿ" ಎಂದರು. ನಮ್ಮ ಲೀಡರ್ ಅದನ್ನು ಬರೆದುಕೊಂಡ.

ಎರಡನೆಯ ದಿನ ಭಾಷೆಯ ಪಾಠ. ಇನ್ನು ಮೇಲೆ ಕುರಿ ಕಾಯುವವರನ್ನು "ಪಾಲುದಾರರು" ಎನ್ನಬೇಕು, ಕುರಿಯನ್ನು "ಘಟಕ" ಎನ್ನಬೇಕು, ಹಾಗಂದರೆ ಕಂಪನಿಗೆ ಒಂದು ಗಾಂಭೀರ್ಯ ಬರುತ್ತದೆ ಎಂದರು.

ನಾನು ಕೈ ಎತ್ತಿದೆ. "ಸರ್, ಘಟಕ ಈದ್ರ ಮರಿಗೆ ಏನ ಅನ್ನೂದ್ರಿ?"

ಪುಸ್ತಕದಲ್ಲಿ ಅದಿರಲಿಲ್ಲ. ಹೆಡ್ ಆಫೀಸಿಗೆ ಮೇಲ್ ಹೋಯಿತು. ಎರಡು ದಿನ ಬಿಟ್ಟು ಉತ್ತರ ಬಂತು: ಉಪಘಟಕ.

ಮೂಡಲಗಿ ದಾರಿಯಲ್ಲಿ

ಮೊದಲ ದಿನದ ತಿರುಗಾಟಕ್ಕೆ ಕಂಪನಿ ಇಬ್ಬರಿಗೂ ಬಿಳಿ ಬೂಟು ಕೊಟ್ಟಿತು. ಕುರಿ ತರುಬಿದ, ಹಿಕ್ಕೆ ತುಂಬಿದ ಹೊಲಕ್ಕೆ ಬಿಳಿ ಬೂಟು ಕಳಿಸಿದವರ ತಲೆ ಎಂಥದ್ದಿರಬೇಕು ಎಂದು ನನಗೆ ಇವತ್ತಿಗೂ ಹೊಳೆದಿಲ್ಲ. ನಾನು ಅವನ್ನು ಚೀಲದಲ್ಲಿಟ್ಟು ಮನೆಯ ಚಪ್ಪಲಿ ಮೆಟ್ಟಿಕೊಂಡೆ. ಶಿಸ್ತಿಲ್ಲ ಎಂದು ಲೀಡರ್ ಮೊಬೈಲಿನಲ್ಲಿ ನನ್ನ ಮೇಲೆ ಟಿಪ್ಪಣಿ ಬರೆದ.

ಮೂಡಲಗಿ ಮುಟ್ಟುವ ಮೊದಲೇ, ಕಬ್ಬು ಕಡಿದ ಹೊಲದಲ್ಲಿ ಒಂದು ಹಿಂಡು ಕಂಡಿತು. ಬೈಕ್ ನಿಲ್ಲಿಸಿ ಲೀಡರ್ ಬಿಳಿ ಬೂಟಿನಲ್ಲಿ ಹೊಲಕ್ಕಿಳಿದ. ನಾಲ್ಕು ಹೆಜ್ಜೆಯಲ್ಲಿ ಬೂಟಿನ ಬಣ್ಣ ಬದಲಾಯಿತು. ಆದರೂ ಬಿಗಿಯಾಗಿ ನಿಂತು ಕುರಿ ಕಾಯುವ ಕಾಕಾನಿಗೆ ಕೈ ಮುಗಿದ. "ಪಾಲುದಾರರೇ, ತಮ್ಮಲ್ಲಿ ಎಷ್ಟು ಘಟಕಗಳಿವೆ?"

ಕಾಕಾ ಕಂಬಳಿ ಸರಿಮಾಡಿಕೊಂಡು ಬಹಳ ಹೊತ್ತು ಯೋಚನೆ ಮಾಡಿದ.

"ಊರಾಗ ಪಾರ್ಟೀದ ಒಂದ ಘಟಕ ಇತ್ರಿ. ಪಂಚಾಯ್ತಿ ಇಲೆಕ್ಷನ್‌ದಾಗ ಜಗಳಾಡಿ ಎರಡ ಆದವು. ನೀವು ಯಾವದರ ಕಡಿಯಾಂವ್ರು?"

ದಡ್ಡಿಯ ಅಜ್ಜಿ

ಮೂರು ವಾರ ಕಳೆದರೂ ಒಂದು ಚೀಲ ಪುಡಿ ಹೋಗಲಿಲ್ಲ. ನಮಗೆ ಮಾತಾಡಲು ಬರುವುದಿಲ್ಲ, ತಾನೇ ತೋರಿಸಿಕೊಡುತ್ತೇನೆ ಎಂದು ಮ್ಯಾನೇಜರ್ ಹೊರಟರು. ಹುಕ್ಕೇರಿ ತಾಲೂಕಿನ ದಡ್ಡಿ ಎಂಬ ಊರಿನಲ್ಲಿ ದೊಡ್ಡ ಹಿಂಡಿನ ಒಡತಿ ಒಬ್ಬ ಅಜ್ಜಿ ಇದ್ದಳು. ಅವಳ ಮನೆಯ ಅಂಗಳದಲ್ಲಿ ಹತ್ತಿಪ್ಪತ್ತು ಜನ ಸೇರಿದರು. ಹೆಡ್ ಆಫೀಸಿಗೆ ಕಳಿಸಲು ಲೀಡರ್ ವಿಡಿಯೋ ಮಾಡುತ್ತಿದ್ದ.

ದಾರಿಯಲ್ಲೇ ನಾನು ಹೇಳಿದ್ದೆ, "ಸರ್, ಪುಡಿ ಹಂಗ ಇಟ್ರ ಕುರಿ ಮುಟ್ಟೂದಿಲ್ರಿ. ಹಿಟ್ಟಿನ್ಯಾಗ ಕಲಸಿ ಇಡಬೇಕು."

"ನಿಮಗೆ ಅನುಭವ ಇಲ್ಲ, ಸುಮ್ಮನಿರಿ" ಎಂದಿದ್ದರು.

ಅಂಗಳದಲ್ಲಿ ಮ್ಯಾನೇಜರ್ ಪುಡಿಯನ್ನು ಹಾಗೆಯೇ ಒಂದು ಕುರಿಯ ಮುಂದಿಟ್ಟರು. ಕುರಿ ಅದನ್ನು ಮೂಸಿತು, ಸೀನಿತು, ತಿರುಗಿ ನಿಂತಿತು. ಅಂಗಳದಲ್ಲಿ ನಗೆ ಎದ್ದಿತು. ಮ್ಯಾನೇಜರ್ ಕೆಂಪಗಾದರು. "ಇದು ಪೂರ್ತಿ ಗಿಡಮೂಲಿಕೆ. ಮನುಷ್ಯರೂ ತಿನ್ನಬಹುದು" ಎಂದವರೇ ಒಂದು ಚಮಚ ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ಬಂದರೂ ಕ್ಯಾಮೆರಾ ನೋಡಿ ನಕ್ಕರು.

ಅಜ್ಜಿ ನನ್ನ ಕಡೆ ತಿರುಗಿದಳು. "ಚೀಲದ ಮ್ಯಾಲ ಏನ ಬರದೈತಿ ಓದವಾ."

ಓದಿದೆ. "ಮೂವತ್ತು ಕಿಲೋ ತೂಕದ ಕುರಿಗೆ ಒಂದು ಚಮಚ."

ಅವಳು ಮ್ಯಾನೇಜರನ್ನು ಮೇಲಿನಿಂದ ಕೆಳಗೆ ಅಳೆದಳು, ಸಂತೆಯಲ್ಲಿ ಟಗರು ನೋಡುವ ಹಾಗೆ. "ಸಾಹೇಬ್ರ, ನಿಮಗ ಒಂದ ಚಮಚ ಸಾಲೂದಿಲ್ರಿ. ಇನ್ನೂ ಎರಡ ಬೇಕ."

ವಿಡಿಯೋ ನಡೆದಿತ್ತು. ಬೇರೆ ದಾರಿ ಇರಲಿಲ್ಲ. ಇನ್ನೂ ಎರಡು ಚಮಚ ತಿಂದರು.

ಅವತ್ತೂ ಯಾರೂ ಏನೂ ಕೊಳ್ಳಲಿಲ್ಲ. ವಾಪಸು ಬರುವಾಗ ಗೋಕಾಕ ಮುಟ್ಟುವುದರೊಳಗೆ ಗಾಡಿಯನ್ನು ಐದು ಕಡೆ ನಿಲ್ಲಿಸಬೇಕಾಯಿತು. ಐದೂ ಸಲ ಮ್ಯಾನೇಜರ್ ಗೋವಿನಜೋಳದ ಹೊಲ ಹುಡುಕಿಕೊಂಡು ಓಡಿದರು. ನಾನೂ ಲೀಡರೂ ಒಬ್ಬರ ಮುಖ ಒಬ್ಬರು ನೋಡದೆ ಕೂತೆವು. ತಿಂಗಳ ಕೊನೆ ಹತ್ತಿರವಿತ್ತು. ಈ ನೌಕರಿ ಮುಗಿಯಿತು, ಅವ್ವ ಗಂಡಿನ ಕಡೆಯವರಿಗೆ ಫೋನ್ ಮಾಡಿಯೇ ಬಿಡುತ್ತಾಳೆ ಎಂದುಕೊಂಡೆ.

ಮೂರನೆಯ ದಿನ ಮುಂಜಾನೆ ಫೋನ್ ಬಂತು. ದಡ್ಡಿಯ ಅಜ್ಜಿ.

"ಆ ಸಾಹೇಬ ಹೆಂಗದಾನವಾ?"

"ಇನ್ನೂ ಆಫೀಸಿಗೆ ಬಂದಿಲ್ಲಜ್ಜಿ. ಮನಿಯಾಗ ಮಲಗ್ಯಾರ."



"ಹಂಗಾರ ಪುಡಿ ಚೊಲೊ ಐತಿ. ಎಂಟ ಚೀಲ ಕಳಸು."