ಕೊಂಬೋ ಗುರುವಿನ ಬಟ್ಟೆ ಹಗ್ಗ

ಕೊಂಬೋ ಗುರುವಿನ ದಿವ್ಯದೃಷ್ಟಿ ಇದ್ದದ್ದು ಹಿತ್ತಲಿನಲ್ಲಿ, ಬಟ್ಟೆ ಒಣಹಾಕುವ ಹಗ್ಗದ ಮೇಲೆ.

ಪಂಗಾನಿ ಊರಿನಲ್ಲಿ ಈ ಗುಟ್ಟು ಗೊತ್ತಿದ್ದದ್ದು ಅವನಿಗೆ ಮತ್ತು ಅವನ ಹೆಂಡತಿ ಚೌಸಿಕುವಿಗೆ ಮಾತ್ರ. ಬೆಳಗಾದರೆ ಜನ ಬಂದು ಜಗಲಿಯ ಮೇಲೆ ಸಾಲಾಗಿ ಕೂರುತ್ತಿದ್ದರು. ಚೌಸಿಕು ಅವರ ನಡುವೆ ಮರಗೆಣಸು ಸುಲಿಯುತ್ತ ಕೂತು, "ಏನಮ್ಮಾ, ಮುಖ ಇಷ್ಟು ಬಾಡಿದೆ?" ಎಂದು ಒಂದು ಮಾತು ಎಸೆದರೆ ಸಾಕು, ಎದುರಿನವರ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬರುತ್ತಿತ್ತು. ಆಮೇಲೆ ಅವಳು ಹಿತ್ತಲಿಗೆ ಹೋಗಿ ತಾನು ಉಡುವ ಬಣ್ಣದ ಕಾಂಗಾ ಬಟ್ಟೆಗಳಲ್ಲಿ ಒಂದನ್ನು ಹಗ್ಗದ ಮೇಲೆ ಹರವುವಳು. ಕಾಯಿಲೆಗೆ ನೀಲಿ, ಕಳವಿಗೆ ಹಳದಿ, ಗಂಡ ಹೆಂಡಿರ ಜಗಳಕ್ಕೆ ಕೆಂಪು. ಒಳಗೆ ಧೂಪದ ಹೊಗೆಯಲ್ಲಿ ಕೂತ ಕೊಂಬೋ ಕಿಟಕಿಯಿಂದ ಬಣ್ಣ ನೋಡಿಕೊಂಡು, ಬಂದವರು ಬಾಯಿ ತೆರೆಯುವ ಮೊದಲೇ ಅವರ ಸಂಕಟ ಹೇಳಿಬಿಡುವನು. ಹದಿನೈದು ವರ್ಷ ಇಬ್ಬರೂ ಹೀಗೆಯೇ ಚೆನ್ನಾಗಿ ತಿಂದುಂಡರು.

ಕಪ್ಪು ಅಂಚಿನ ಕಾಂಗಾ ಮಾತ್ರ ಅಪರೂಪ. ಕಾರಣವೇ ಸಿಗದ ಕಷ್ಟಕ್ಕೆ ಅದು. ಅದನ್ನು ಕಂಡರೆ ಕೊಂಬೋ ದನಿ ತಗ್ಗಿಸಿ, "ಇದು ಮಾಟ. ಮಾಡಿದವಳು ಹೆಣ್ಣು," ಎಂದು ಯಾವಳೋ ಒಬ್ಬ ಬಡಪಾಯಿಯ ಕಡೆ ಬೆರಳು ತೋರಿಸುವನು. ಹಿಂದಿನ ತಿಂಗಳು ಆ ಬೆರಳು ಪಕ್ಕದ ಮನೆಯ ಸೆಮೇನಿ ಅಜ್ಜಿಯ ಕಡೆ ತಿರುಗಿತ್ತು. ಅಂದಿನಿಂದ ಅಜ್ಜಿ ಮಾರುವ ಅಕ್ಕಿ ಅಪ್ಪಗಳನ್ನು ಯಾರೂ ಮುಟ್ಟಲಿಲ್ಲ. ಅವಳು ಮಾತಾಡಿಸಿದರೆ ಜನ ಕಿವುಡರಾದರು. ನಾಳೆ ಅವಳು ಊರು ಬಿಟ್ಟು ಟಾಂಗಾ ಪಟ್ಟಣದಲ್ಲಿದ್ದ ತಂಗಿಯ ಮನೆಗೆ ಹೊರಡುವವಳಿದ್ದಳು.

"ಅಜ್ಜಿ ಗಂಟು ಕಟ್ತಾ ಕೂತಿದಾಳೆ ಕಣ್ರೀ," ಎಂದಳು ಚೌಸಿಕು ಅಂದು ಬೆಳಿಗ್ಗೆ. "ನನ್ನ ಬಾಣಂತನ ಮಾಡಿದ ಕೈ ಅದು. ತಪ್ಪಾಯ್ತು ಅಂತ ಇವತ್ತು ಜನರ ಮುಂದೆ ಒಂದು ಮಾತು ಹೇಳ್ಬಿಡಿ."

"ತಲೆ ಕೆಟ್ಟಿದೆಯಾ ನಿಂಗೆ? ಆಡಿದ ಮಾತು ಹಿಂದಕ್ಕೆ ತಗೊಂಡ್ರೆ ನಾಳೆ ನನ್ನ ಹತ್ರ ಯಾರು ಬರ್ತಾರೆ? ಅಷ್ಟಕ್ಕೂ ಆ ಕಾಂಗಾ ಹಾಕಿದ್ದು ನೀನೇ ಅಲ್ವೇನೇ?"

ಚೌಸಿಕು ಚಾಕು, ಮರಗೆಣಸು ಎತ್ತಿಕೊಂಡು ಜಗಲಿಗೆ ಹೋದಳು. ಬಾಯಿ ಮುಚ್ಚಿಸಿದೆನೆಂದು ಕೊಂಬೋಗೆ ಸಮಾಧಾನವಾಯಿತು.

ಮೊದಲು ಒಳಗೆ ಬಂದವನು ಸೈಕಲ್ ರಿಪೇರಿಯ ಸೆಲೆಮಾನಿ. ಕೊಂಬೋ ಎಂದೂ ಬಂದವರ ಮುಖ ನೋಡಿದವನಲ್ಲ, ಕಿಟಕಿ ನೋಡಿಯೇ ಅಭ್ಯಾಸ. ಹಗ್ಗದ ಮೇಲೆ ಹಳದಿ ಹಾರಾಡುತ್ತಿತ್ತು.

"ಕಳುವಾಗಿದೆ! ಗಿಡ್ಡ ಮನುಷ್ಯ ಕದ್ದಿದಾನೆ. ಮೂರು ದಿನದಲ್ಲಿ ವಾಪಸ್ ಬರುತ್ತೆ."

"ಹಲ್ಲು ಎಲ್ಲೂ ಹೋಗಿಲ್ಲ ಗುರುಗಳೇ, ಇಲ್ಲೇ ಇದೆ. ನೋಯ್ತಿದೆ," ಎಂದು ಸೆಲೆಮಾನಿ ಊದಿದ ಕೆನ್ನೆ ಎಳೆದು ತೋರಿಸಿದ.

"ನಾನು ಹೇಳಿದ್ದು ನಿನ್ನ ನಿದ್ದೆ ಕಳುವಾಗಿದೆ ಅಂತ!"

"ನಿದ್ದೆ ಕದ್ದವನು ಗಿಡ್ಡನಾ?"

ಅವನನ್ನು ಹೇಗೋ ಸಾಗಹಾಕುವಷ್ಟರಲ್ಲಿ ವಿಧವೆ ಪಿಲಿ ಬಂದಳು. ಹಗ್ಗದ ಮೇಲೆ ಕೆಂಪು.

"ನಿನ್ನ ಗಂಡನ ಕಣ್ಣು ಬೇರೆ ಹೆಂಗಸಿನ ಮೇಲೆ ಬಿದ್ದಿದೆ," ಎಂದ ಕೊಂಬೋ.

"ಅಯ್ಯೋ! ಅವ್ರನ್ನ ಮಣ್ಣು ಮಾಡಿ ಆರು ವರ್ಷ ಆಯ್ತು. ಅಲ್ಲೂ ಅದೇ ಬುದ್ಧಿಯಾ?" ಪಿಲಿ ಎದೆ ಬಡಿದುಕೊಂಡಳು. "ಕೋಳಿ ಕಳುವಾಯ್ತು ಅಂತ ಬಂದ್ರೆ ಇದನ್ನ ಕೇಳ್ಬೇಕಾಯ್ತಲ್ಲ!" ಎಂದು ಅಳುತ್ತ ಜಗಲಿಗೆ ಓಡಿದಳು. ಜಗಲಿಯಿಂದ ದೊಡ್ಡ ನಗು ಕೇಳಿಸಿತು.

ಕೊಂಬೋ ಕಕ್ಕಾಬಿಕ್ಕಿಯಾದ. ಕಿಟಕಿಯಿಂದ ಹೆಂಡತಿಗೆ ಕಣ್ಣು ಮಿಟುಕಿಸಿದ, ಕೆಮ್ಮಿದ, ಕೈ ಬೀಸಿದ. "ಬಿಸಿಲು ಚೆನ್ನಾಗಿದೆ, ಬೇಗ ಒಣಗುತ್ತೆ," ಎಂದಳು ಅವಳು. ಇವಳು ಬಣ್ಣಗಳನ್ನು ಅದಲು ಬದಲು ಮಾಡಿದಳೋ, ತಾನೇ ಮರೆತೆನೋ? ಹಳದಿ ಎಂದರೆ ಕಾಯಿಲೆ, ಕೆಂಪು ಎಂದರೆ ಕಳವು, ಹಾಗಾದರೆ ನೀಲಿ ಎಂದರೆ ಜಗಳ ಎಂದು ಬೆರಳು ಮಡಚಿ ಲೆಕ್ಕ ಹಾಕಿದ. ಮುಂದಿನವನಿಗೆ ನೀಲಿ ಕಂಡಿತು. "ಮನೇಲಿ ಜಗಳ!" ಎಂದ. ಆ ಮನುಷ್ಯ ಜ್ವರದಲ್ಲಿ ಗಡಗಡ ನಡುಗುತ್ತಿದ್ದ.

ಅಷ್ಟರಲ್ಲಿ ದೋಣಿಗಳ ಯಜಮಾನ ಮಕಾಮೆ ಬಂದ. ಬೆನ್ನಿಗೆ ಜಗಲಿಯ ಜನವೆಲ್ಲ ಬಾಗಿಲಲ್ಲಿ ಗುಂಪುಗೂಡಿತು.

"ನನ್ನ ದೋಣಿ ಇಂಜಿನ್ನು ನದಿ ಮಧ್ಯಕ್ಕೆ ಹೋದ್ರೆ ನಿಲ್ಲುತ್ತೆ. ಮೂರು ಮೆಕ್ಯಾನಿಕ್ಕು ನೋಡಿದ್ರು, ಕಾರಣ ಸಿಗ್ಲಿಲ್ಲ. ಬೆಳಿಗ್ಗೆಯಿಂದ ನೀವು ಹೇಳಿದ್ದೆಲ್ಲ ಉಲ್ಟಾ ಅಂತೆ. ಇದನ್ನಾದ್ರೂ ಸರಿಯಾಗಿ ಹೇಳಿ, ಇಲ್ಲಾಂದ್ರೆ ಅಂಗಡಿ ಮುಚ್ಚಿ."

ಕೊಂಬೋ ಕಿಟಕಿಯ ಕಡೆ ನೋಡಿದ. ಕಪ್ಪು ಅಂಚು! ಕಾರಣ ಸಿಗದ ಕಷ್ಟ, ಕಪ್ಪು ಅಂಚು. ಸದ್ಯ, ಎಲ್ಲ ಸರಿಹೋಯಿತು. ಅವನಿಗೆ ಹೋದ ಜೀವ ಬಂದಂತಾಯಿತು.

"ಮಾಟ! ಮಾಡಿದವಳು ಹೆಣ್ಣು. ಕೂಗಿದ್ರೆ ಕೇಳೋ ದೂರದಲ್ಲೇ ಇದಾಳೆ!"

"ನಿಜ," ಎಂದು ಚೌಸಿಕು ಜನರನ್ನು ಸರಿಸಿಕೊಂಡು ಒಳಗೆ ಬಂದಳು. "ನಾನೇ ಅವಳು. ಗುರುಗಳ ಬಾಯಲ್ಲೇ ಬಂದ್ಮೇಲೆ ಇನ್ನೇನು ಮುಚ್ಚಿಡ್ಲಿ?"

ಜನ ಬಾಯಿಮೇಲೆ ಕೈಯಿಟ್ಟರು. ಮಕಾಮೆ ಕೊಂಬೋನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಹದಿನೈದು ವರ್ಷ ಒಂದೇ ಚಾಪೆ ಮೇಲೆ ಮಲಗಿ ಗೊತ್ತಾಗ್ಲಿಲ್ವಾ? ಇಲ್ಲಾ ಗೊತ್ತಿದ್ದೂ ಮುಚ್ಚಿಟ್ರಾ?"

ಕೊಂಬೋಗೆ ಅತ್ತ ದರಿ, ಇತ್ತ ಪುಲಿ. "ಇವಳು ಮಾಟಗಾತಿ ಅಲ್ಲ!" ಎಂದು ಕಿರುಚಿದ. "ಅದು ಬರೀ ಬಟ್ಟೆ! ಕಪ್ಪು ಅಂಚು ನೇತಾಕಿದ್ರೆ ಮಾಟ ಅನ್ಬೇಕು, ಹಳದಿ ಹಾಕಿದ್ರೆ ಕಳವು ಅನ್ಬೇಕು, ಅಷ್ಟೇ! ನಂಗೇನೂ ಕಾಣ್ಸಲ್ಲ!"

"ಹಾಗಾದ್ರೆ ಸೆಮೇನಿ ಅಜ್ಜಿ?" ಎಂದು ಕೇಳಿದಳು ಚೌಸಿಕು.

"ಅವತ್ತೂ ಅದೇ ಬಟ್ಟೆ! ಅಜ್ಜಿ ಏನೂ ಮಾಡಿಲ್ಲ!"

"ಪಕ್ಕದ ಮನೆಗೆ ಕೇಳೋ ಹಾಗೆ ಇನ್ನೊಂದ್ಸಲ ಹೇಳಿ. ನೇತಾಕಿದ್ದು ನಾನೇ ಅನ್ನೋದನ್ನೂ ಸೇರಿಸಿ."

ಕೊಂಬೋ ಕೂಗಿ ಹೇಳಿದ. ಪಕ್ಕದ ಮನೆಯಲ್ಲಿ ಗಂಟು ಕಟ್ಟುವ ಸದ್ದು ನಿಂತಿತು. ಚೌಸಿಕು ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಒಂದು ತಿಂಗಳಿಂದ ತಡೆದಿಟ್ಟ ಅಳು ಅದು.

ತನ್ನ ಮೇಲಿನ ಗಂಡಾಂತರ ಕಳೆಯಿತೆಂದು ಕೊಂಬೋ ಬೆವರು ಒರೆಸಿಕೊಂಡ. ಯಾರೂ ಕದಲಲಿಲ್ಲ. ಸೆಲೆಮಾನಿ ಮೆಲ್ಲನೆ ಕೇಳಿದ, "ಅಜ್ಜಿ ಮಾಡಿಲ್ಲ, ಇವಳೂ ಮಾಡಿಲ್ಲ. ಬಟ್ಟೆ ಬೀಸಿ ಹದಿನೈದು ವರ್ಷ ಊರನ್ನೇ ಕುಣಿಸಿದವನು ಯಾರು ಮತ್ತೆ?"

ಎಲ್ಲರೂ ಕೊಂಬೋನಿಂದ ಎರಡು ಹೆಜ್ಜೆ ಹಿಂದೆ ಸರಿದರು.

"ಲೋ, ಮಾಟ ಅನ್ನೋದೇ ಸುಳ್ಳು ಕಣ್ರೋ!"

"ಮಾಟಗಾರರೆಲ್ಲ ಮೊದಲು ಹೇಳೋದೇ ಹಾಗೆ ಅಂತ ನೀವೇ ಅಲ್ವಾ ಕಲ್ಸಿದ್ದು?" ಎಂದ ಮಕಾಮೆ.

"ಚೌಸಿಕು, ನೀನಾದ್ರೂ ಹೇಳೇ!" ಕೊಂಬೋ ಅಂಗಲಾಚಿದ.

ಚೌಸಿಕು ಕಣ್ಣೊರೆಸಿಕೊಂಡು ಎದ್ದು ನಿಂತಳು. ಇನ್ನು ಸುಳ್ಳು ಹೇಳುವುದಿಲ್ಲವೆಂದು ಅವಳು ಬೆಳಿಗ್ಗೆಯೇ ನಿಶ್ಚಯಿಸಿದ್ದಳು. "ಇವ್ರು ಮಾಟಗಾರ ಅಲ್ಲ. ಇವ್ರಿಗೆ ಯಾವ ಮಂತ್ರಾನೂ ಬರಲ್ಲ. ಬರೀ ಸುಳ್ಳುಗಾರ," ಎಂದಳು ಸ್ಪಷ್ಟವಾಗಿ.

ಪಿಲಿ ಮರುಕದಿಂದ ಅವಳ ಬೆನ್ನು ಸವರಿದಳು.

"ನೋಡಿದ್ರಾ," ಎಂದಳು ಜನರತ್ತ ತಿರುಗಿ, "ಇಷ್ಟಾದ್ರೂ ಗಂಡನ್ನ ಬಿಟ್ಟುಕೊಡಲ್ಲ, ಪುಣ್ಯಾತ್ಗಿತ್ತಿ."